ಸ್ತನಾರ್ಬುದದ ಮೊಳಕೆ

(ತಿತಿಮತಿಯಲ್ಲಿ ನೆರೆದ ಭಕ್ತಮಂಡಲಿಯ ಮುಂದೆ ನಡೆದ ಉಪನ್ಯಾಸ)



ಮಠಗಳ ಮಹೋತ್ಸವಗಳಲ್ಲಿ ಧರ್ಮ, ನೀತಿ, ವಿದ್ಯೆ, ದಾಸೋಹ ಮೊದಲಾದ ವಿಷಯಗಳನ್ನು ಕುರಿತು ಉಪನ್ಯಾಸಗಳು ನಡೆಯುವುದು ವಾಡಿಕೆ. ದೇಹಕ್ಕೆ ಬರುವ ರೋಗದ ಮಾತು, ಅದರಲ್ಲಿಯೂ ಸ್ತ್ರೀಯರ ಸ್ತನಕ್ಕೆ ಬರುವ ರೋಗದ ಮಾತು, ಇಂತಹ ಸಭೆಯಲ್ಲಿ ಕೇಳಿಬರುವುದು ಅಪೂರ್ವ. ಆದರೆ ಯಾವ ವಿಷಯವನ್ನು ಸಭೆಯಲ್ಲಿ ಆಡಲು ಜನರು ಸಂಕೋಚಪಡುವರೋ ಅದನ್ನು ಮನೆಯಲ್ಲಿಯೂ ಆಡಲು ಸಂಕೋಚಪಡುವರು. ಮನೆಯಲ್ಲಿ ಆಡದ ಮಾತನ್ನು ವೈದ್ಯರ ಮುಂದೆ ಆಡುವುದು ಇನ್ನೂ ಕಷ್ಟ. ಈ ಸಂಕೋಚದ ದೆಸೆಯಿಂದಲೇ ಎಷ್ಟೋ ತಾಯಂದಿರು ಕಾಲ ಮಿಂಚಿದ ಮೇಲೆ ಆಸ್ಪತ್ರೆಯ ಬಾಗಿಲಿಗೆ ಬರುತ್ತಿರುವುದರಿಂದ, ಇದನ್ನು ಹತ್ತು ಜನರ ನಡುವೆ ಮರೆಯಿಲ್ಲದೆ ಆಡುವುದೇ ಯುಕ್ತ.

ಈ ರೋಗವನ್ನು ವೈದ್ಯರು ಸ್ತನದ ಕ್ಯಾನ್ಸರ್ ಎನ್ನುವರು. ಸುಶ್ರುತಸಂಹಿತೆಯಲ್ಲಿ ಗಡ್ಡೆಯ ರೋಗಗಳಿಗೆ ಅರ್ಬುದವೆಂಬ ಹೆಸರುಂಟಾದುದರಿಂದ ಸ್ತನಾರ್ಬುದವೆಂದರೂ ಸಲ್ಲುವುದು. ೨೦೨೨ನೆಯ ವರ್ಷದ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು ೧,೯೨,೦೦೦ ಸ್ತ್ರೀಯರಲ್ಲಿ ಈ ರೋಗವು ಹೊಸದಾಗಿ ಕಂಡುಬಂದಿತು. ಸುಮಾರು ೯೮,೦೦೦ ಮಂದಿ ಇದರಿಂದ ಮೃತರಾದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೧೯೮೧ರಲ್ಲಿ ಅರ್ಬುದರೋಗಿಗಳ ದಾಖಲೆಯನ್ನು ಕ್ರಮವಾಗಿ ಇಡಲು ತೊಡಗಿದಾಗ ಆರಿಸಿಕೊಂಡ ಮೊದಲ ನಗರಗಳಲ್ಲಿ ಬೆಂಗಳೂರೂ ಒಂದು. ಅಲ್ಲಿನ ಸ್ತ್ರೀಯರಲ್ಲಿ ಆಗ ಗರ್ಭಕೋಶದ ಕೊರಳಿನ ಅರ್ಬುದವು ಮೊದಲನೆಯ ಸ್ಥಾನದಲ್ಲಿದ್ದಿತು. ಬರುಬರುತ್ತ ಆ ಸ್ಥಾನವನ್ನು ಸ್ತನಾರ್ಬುದವು ಆಕ್ರಮಿಸಿತು.

ಇಂತಹ ರೋಗವು ಮನೆಗೆ ಬಂದಾಗ ಮೊದಲು ಏಳುವ ಪ್ರಶ್ನೆಯು ಔಷಧದ್ದಲ್ಲ. 'ಇದು ಏಕೆ ಬಂತು, ಯಾವ ತಪ್ಪಿಗೆ ಬಂತು' ಎಂಬುದು. ಮಗುವಿಗೆ ಹಾಲು ಬಿಡಿಸಿದಾಗ ಹಾಲು ಕಟ್ಟಿಕೊಂಡಿತೆಂದು ಒಬ್ಬರು, ತೋಟದಲ್ಲಿ ಮರದ ಕೊಂಬೆ ಬಡಿದು ಪೆಟ್ಟಾಗಿತ್ತೆಂದು ಒಬ್ಬರು, ಯಾರದೋ ದೃಷ್ಟಿ ತಾಗಿತೆಂದು ಮತ್ತೊಬ್ಬರು, ಹಿಂದಿನ ಜನ್ಮದ ಪಾಪವೆಂದು ಮಗುದೊಬ್ಬರು ಹೇಳುವರು. ರೋಗಿಯು ರೋಗದ ಭಾರದೊಡನೆ ಈ ನಿಂದೆಯ ಭಾರವನ್ನೂ ಹೊರಬೇಕಾಗುವುದು. ವಿಜ್ಞಾನವು ಈ ಪ್ರಶ್ನೆಗೆ ಕೊಡುವ ಉತ್ತರವೇ ಬೇರೆ. ಕೈಗೆ ಗಂಟು ತಗಲುವುದಕ್ಕೆ ಹತ್ತಾರು ವರ್ಷಗಳ ಮುಂಚೆ, ಒಂದೇ ಒಂದು ಜೀವಕೋಶದ ಒಳಗೆ, ಯಾರ ಅರಿವಿಗೂ ಬಾರದಂತೆ ಆದ ಬರಹದ ತಪ್ಪಿನಿಂದ ಅದು ಮೊಳೆಯುವುದೆಂಬುದೇ ಆ ಉತ್ತರ. ಅದೆಂತೆಂಬುದನ್ನು ಮುಂದೆ ಕ್ರಮವಾಗಿ ವಿವರಿಸಿದೆ.

ಸ್ತನದೊಳಗೆ ಹಾಲನ್ನು ಸ್ರವಿಸುವ ಸಣ್ಣ ಸಣ್ಣ ಗೊಂಚಲುಗಳೂ, ಆ ಹಾಲನ್ನು ತೊಟ್ಟಿಗೆ ತಂದು ಮುಟ್ಟಿಸುವ ನಾಳಗಳೂ ಇರುವುವು. ಗೊಂಚಲೂ ನಾಳದ ತುದಿಯೂ ಕೂಡುವ ಎಡೆಯಲ್ಲಿಯೇ ಬಹುಪಾಲು ಸ್ತನಾರ್ಬುದಗಳು ಹುಟ್ಟುವುವು. ನಾಳದ ಒಳಮೈಯನ್ನು ಜೀವಕೋಶಗಳ ತೆಳುವಾದ ಸಾಲುಗಳು ಹೊದೆದಿರುವುವು. ಹುಡುಗಿಯು ಮೈನೆರೆಯುವ ಕಾಲದಲ್ಲಿ ಈ ಕೋಶಗಳು ವೇಗವಾಗಿ ಹೆಚ್ಚುವುವು. ಅನಂತರ ಪ್ರತಿ ತಿಂಗಳೂ ಈಸ್ಟ್ರೊಜೆನ್ ಮೊದಲಾದ ಹಾರ್ಮೋನುಗಳ ಏರಿಳಿತಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚುವುವು, ಕುಗ್ಗುವುವು. ಗರ್ಭಧಾರಣೆಯಲ್ಲಿ ಮತ್ತೊಮ್ಮೆ ವಿಶೇಷವಾಗಿ ಬೆಳೆದು ಹಾಲು ಕೊಡುವ ಕಾರ್ಯಕ್ಕೆ ಸಿದ್ಧವಾಗುವುವು. ಹೀಗೆ ಮೇಲಿಂದ ಮೇಲೆ ಒಡೆದು ಎರಡಾಗುವ ಕೋಶಗಳಲ್ಲಿ ತಪ್ಪಿಗೆ ಅವಕಾಶವು ಹೆಚ್ಚು.

ಏನು ತಪ್ಪು? ಒಂದೊಂದು ಕೋಶದ ಗರ್ಭದಲ್ಲಿಯೂ ೨೩ ಜೊತೆ ವರ್ಣತಂತುಗಳಿರುವುವು. ಇವು ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ ಎಂಬಂತೆ ಬಂದ ಎರಡು ಓಲೆಯ ಕಟ್ಟುಗಳು. ಒಂದು ಕಟ್ಟಿನಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳು. ಆ ಅಕ್ಷರಗಳಲ್ಲಿ ಸುಮಾರು ೨೦,೦೦೦ ಅಪ್ಪಣೆಗಳು ಬರೆದಿರುವುವು. ಈ ಅಪ್ಪಣೆಗಳಿಗೆ ವಂಶವಾಹಿಗಳೆಂದು ಹೆಸರು. ಬರಹದ ದ್ರವ್ಯಕ್ಕೆ ಡಿ.ಎನ್.ಎ. ಎಂದು ಹೆಸರು. ಕೋಶವು ಎರಡಾಗುವ ಮುಂಚೆ ಇಡೀ ಗ್ರಂಥವನ್ನು ಪ್ರತಿ ಮಾಡಿ, ಒಂದನ್ನು ತಾನಿಟ್ಟುಕೊಂಡು ಒಂದನ್ನು ಹೊಸ ಕೋಶಕ್ಕೆ ಕೊಡಬೇಕು. ಮಠಗಳ ಭಂಡಾರಗಳಲ್ಲಿ ಓಲೆಗರಿಯ ಗ್ರಂಥಗಳನ್ನು ನೋಡಿದವರಿಗೆ ಲಿಪಿಕಾರನ ಕಷ್ಟ ತಿಳಿದಿರುವುದು. ಎಷ್ಟು ಎಚ್ಚರದಿಂದ ಬರೆದರೂ ಒಂದು ಅಕ್ಷರ ಬಿಡುವುದುಂಟು, ಒಂದು ಸಾಲು ಎರಡು ಸಲ ಬರುವುದುಂಟು, ಒಂದು ಗರಿ ಹರಿದು ಬೇರೊಂದು ಕಟ್ಟಿಗೆ ಸೇರುವುದುಂಟು. ಜೀವಕೋಶದ ಲಿಪಿಕಾರನಿಗೂ ಇದೇ ಗತಿ. ಮಾನವ ಲಿಪಿಕಾರನಿಗಿಂತ ಆತನು ಸಾವಿರ ಪಾಲು ಸಮರ್ಥನಾದರೂ ಕಾರ್ಯವು ಅಗಾಧವಾದುದರಿಂದ ತಪ್ಪು ಉಳಿದೇ ಉಳಿಯುವುದು. ಒಮ್ಮೆ ಉಳಿದ ತಪ್ಪು ಆ ಕೋಶದ ಸಂತತಿಗೆಲ್ಲ ಮೂಲಪಾಠವಾಗಿಬಿಡುವುದು.

ಬಹುಪಾಲು ತಪ್ಪುಗಳಿಂದ ಯಾವ ಹಾನಿಯೂ ಇಲ್ಲ. ಹಾನಿ ಬರುವುದು ಮೂರು ಬಗೆಯ ಅಪ್ಪಣೆಗಳು ಕೆಟ್ಟಾಗ. ಮೊದಲನೆಯ ಬಗೆಯವು ಕೋಶಕ್ಕೆ 'ಬೆಳೆ' ಎಂದು ಹೇಳತಕ್ಕವು. ಪಿ.ಐ.ಕೆ. ೩ ಸಿ.ಎ. ಎಂಬುದೂ ಹರ್-೨ ಎಂಬುದೂ ಈ ಬಗೆಯವು. ಇವು ಕೆಟ್ಟರೆ ಯಾರೂ ಹೇಳದೆಯೇ ಕೋಶವು ಬೆಳೆಯತೊಡಗುವುದು. ಎರಡನೆಯ ಬಗೆಯವು 'ನಿಲ್ಲು' ಎಂದು ತಡೆಯತಕ್ಕವು. ಟಿ.ಪಿ. ೫೩ ಎಂಬುದು ಇವುಗಳಲ್ಲಿ ಮುಖ್ಯ. ಅದು ಮಠದ ಪಾರುಪತ್ಯಗಾರನಂತೆ ನಿಂತು, ಗ್ರಂಥವು ಕೆಟ್ಟಿರುವುದನ್ನು ಕಂಡೊಡನೆ ಪ್ರತಿ ಮಾಡುವ ಕಾರ್ಯವನ್ನು ನಿಲ್ಲಿಸುವುದು. ತಿದ್ದಲಾಗದಷ್ಟು ಕೆಟ್ಟಿದ್ದರೆ ಆ ಕೋಶವು ತಾನೇ ಅಳಿಯುವಂತೆ ಮಾಡುವುದು. ಮೂರನೆಯ ಬಗೆಯವು ಹರಿದ ಗರಿಯನ್ನು ಮತ್ತೆ ಜೋಡಿಸಿ ತಿದ್ದತಕ್ಕವು. ಬಿ.ಆರ್.ಸಿ.ಎ. ೧, ಬಿ.ಆರ್.ಸಿ.ಎ. ೨ ಎಂಬ ಪ್ರಸಿದ್ಧವಾದ ಎರಡು ವಂಶವಾಹಿಗಳು ಈ ಪಂಗಡದವು.

ವರ್ಣತಂತುಗಳ ವ್ಯತ್ಯಾಸವೇ ಅರ್ಬುದಕ್ಕೆ ಮೂಲವಾಗಿರಬಹುದೆಂದು ಜರ್ಮನಿಯ ಜೀವವಿಜ್ಞಾನಿ ಥಿಯೊಡೋರ್ ಬೊವೆರಿಯವರು ೧೯೧೪ರಲ್ಲಿಯೇ ಒಂದು ಗ್ರಂಥದಲ್ಲಿ ಪ್ರತಿಪಾದಿಸಿದ್ದರು. ೧೯೭೧ರಲ್ಲಿ ಅಮೆರಿಕೆಯ ಆಲ್ಫ್ರೆಡ್ ನಡ್ಸನ್ನರು ಮಕ್ಕಳ ಕಣ್ಣಿಗೆ ಬರುವ ಒಂದು ಅರ್ಬುದವನ್ನು ಪರೀಕ್ಷಿಸಿ, ಒಂದು ಪೆಟ್ಟು ಸಾಲದು, ಎರಡು ಪ್ರತಿಗಳಿಗೂ ಪೆಟ್ಟು ಬೀಳಬೇಕೆಂದು ತೋರಿಸಿದರು. ತಾಯಿಯ ಪ್ರತಿಯಲ್ಲಿ ತಪ್ಪಿದ್ದರೆ ತಂದೆಯ ಪ್ರತಿಯನ್ನು ನೋಡಿ ಕೋಶವು ಕಾರ್ಯ ನಡೆಸುವುದು. ಅದೂ ಕೆಟ್ಟಾಗ ಮಾತ್ರ ತಡೆಯು ತಪ್ಪುವುದು. ಆದುದರಿಂದ ಅರ್ಬುದವೆಂಬುದು ಒಂದು ದಿನದ ಒಂದು ತಪ್ಪಿನ ಫಲವಲ್ಲ. ಒಂದರ ಮೇಲೊಂದು ಸೇರಿದ ಅನೇಕ ತಪ್ಪುಗಳ ಫಲ.

ಈ ತಪ್ಪುಗಳು ಯಾವ ವಯಸ್ಸಿನಲ್ಲಿ ಸೇರುತ್ತ ಬರುವುವೆಂಬುದು ಬಹುಕಾಲ ತಿಳಿದಿರಲಿಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಸೈಶಿ ಒಗಾವ ಅವರ ಬಳಗವು ೨೦೨೩ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದರ ಮೇಲೆ ಹೊಸ ಬೆಳಕನ್ನು ಬೀರಿತು. ಓಲೆಯ ಪ್ರತಿಗಳಲ್ಲಿ ಸಮಾನವಾಗಿರುವ ತಪ್ಪುಗಳನ್ನು ಹಿಡಿದು ಯಾವ ಪ್ರತಿಯು ಯಾವುದರಿಂದ ಬಂದಿತೆಂದು ಪಂಡಿತರು ನಿರ್ಣಯಿಸುವಂತೆ, ಅವರು ಒಂದೇ ಸ್ತನದ ಅರ್ಬುದದ ಕೋಶಗಳನ್ನೂ ಸುತ್ತಲಿನ ಕೋಶಗಳನ್ನೂ ಹೋಲಿಸಿ ಅವುಗಳ ವಂಶವೃಕ್ಷವನ್ನು ರಚಿಸಿದರು. ಸ್ತನದ ಕೋಶವೊಂದರಲ್ಲಿ ಮುಟ್ಟು ನಿಲ್ಲುವವರೆಗೆ ವರ್ಷಕ್ಕೆ ಸುಮಾರು ೨೦ ಅಕ್ಷರದೋಷಗಳು ಸೇರುವುವೆಂದೂ, ಮುಟ್ಟು ನಿಂತ ಮೇಲೆ ಅದು ವರ್ಷಕ್ಕೆ ಸುಮಾರು ೮ಕ್ಕೆ ಇಳಿಯುವುದೆಂದೂ ಕಂಡುಬಂದಿತು. ಒಂದೊಂದು ಹೆರಿಗೆಯಾದ ತಾಯಂದಿರಲ್ಲಿ ಸುಮಾರು ೫೫ ದೋಷಗಳು ಕಡಮೆಯಾಗಿದ್ದುವು.

ಇದಕ್ಕಿಂತಲೂ ಆಶ್ಚರ್ಯಕರವಾದ ಸಂಗತಿ ಮತ್ತೊಂದುಂಟು. ಸ್ತನಾರ್ಬುದಗಳಲ್ಲಿ ಸುಮಾರು ಐದರಲ್ಲೊಂದು ಭಾಗದಲ್ಲಿ ೧ನೆಯ ವರ್ಣತಂತುವಿನ ಒಂದು ತುಂಡೂ ೧೬ನೆಯ ವರ್ಣತಂತುವಿನ ಒಂದು ತುಂಡೂ ತಪ್ಪಾಗಿ ಬೆಸೆದುಕೊಂಡಿರುವುವು. ಎರಡು ಗ್ರಂಥಗಳ ಗರಿಗಳನ್ನು ಒಂದೇ ದಾರಕ್ಕೆ ಪೋಣಿಸಿದಂತೆ. ಹೀಗೆ ಬೆಸೆದ ಅರ್ಬುದಗಳ ವಂಶವೃಕ್ಷವನ್ನು ಹಿಂದಕ್ಕೆ ಎಣಿಸಿ ನೋಡಿದಾಗ, ಆ ಬೆಸುಗೆಯು ಹುಡುಗಿಯು ಮೈನೆರೆಯುವ ಕಾಲದಿಂದ ಹದಿಹರೆಯವು ಮುಗಿಯುವುದರೊಳಗೆ ಆಗಿದ್ದಿತೆಂದು ಗೊತ್ತಾಯಿತು. ಆ ಒಂದು ಕೋಶದ ಸಂತತಿಯು ಸದ್ದಿಲ್ಲದೆ ನಾಳಗಳಲ್ಲಿ ಹಬ್ಬಿ, ಮೂವತ್ತರ ಆರಂಭದ ವಯಸ್ಸಿನ ಹೊತ್ತಿಗೆ ಮುಂದಿನ ಅರ್ಬುದಕ್ಕೆ ಮೂಲವಾದ ಕೋಶಗಳು ಅದರಲ್ಲಿ ಹುಟ್ಟಿಕೊಂಡಿದ್ದುವು. ರೋಗವು ಕಣ್ಣಿಗೆ ಬಿದ್ದುದಾದರೋ ಎಷ್ಟೋ ವರ್ಷಗಳ ಅನಂತರ.

ಇದನ್ನು ಕೇಳಿ ಯಾವ ತಾಯಿಯೂ ತನ್ನ ಮಗಳ ವಿಷಯದಲ್ಲಿ ಭಯಪಡಬೇಕಾದುದಿಲ್ಲ. ೨೦೨೪ರಲ್ಲಿ ಅಮೆರಿಕೆಯ ಹೂಸ್ಟನ್ನಿನ ವಿಜ್ಞಾನಿಗಳು ೪೯ ಮಂದಿ ಆರೋಗ್ಯವಂತ ಸ್ತ್ರೀಯರ ಸ್ತನದ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ನಾಳದ ಕೋಶಗಳಲ್ಲಿ ನೂರಕ್ಕೆ ಸುಮಾರು ಮೂರರಲ್ಲಿ ವರ್ಣತಂತುಗಳ ಹೆಚ್ಚುಕಡಮೆ ಕಂಡುಬಂದಿತು. ೧ನೆಯ ವರ್ಣತಂತುವಿನ ಒಂದು ತೋಳು ಹೆಚ್ಚಾಗುವುದು, ೧೬ನೆಯದರ ಒಂದು ತೋಳು ಕಳೆದುಹೋಗುವುದು ಇವೇ ಮೊದಲಾದ, ಅರ್ಬುದದಲ್ಲಿ ಕಾಣುವ ವ್ಯತ್ಯಾಸಗಳೇ ಅಲ್ಲಿಯೂ ಇದ್ದುವು. ಆದರೂ ಆ ಸ್ತ್ರೀಯರಿಗೆ ರೋಗವಿರಲಿಲ್ಲ. ಬಿದ್ದ ಬೀಜವೆಲ್ಲ ಮೊಳೆಯುವುದಿಲ್ಲ, ಮೊಳೆತುದೆಲ್ಲ ಮರವಾಗುವುದಿಲ್ಲ. ಇಂತಹ ಕೋಶಗಳಲ್ಲಿ ಬಹುಪಾಲು ಜೀವಮಾನವೆಲ್ಲ ಸುಮ್ಮನಿದ್ದುಬಿಡುವುವು.

ಮುಂದಕ್ಕೆ ಹೋಗುವ ಕೆಲವಕ್ಕೆ ಮೆಟ್ಟಲುಗಳುಂಟು. ಮೊದಲು ನಾಳದ ಒಳಗೆ ಕೋಶಗಳ ಸಾಲು ದಪ್ಪವಾಗುವುದು. ಆಮೇಲೆ ಕೋಶಗಳ ಆಕಾರವು ಕೆಡುವುದು. ಮೂರನೆಯದಾಗಿ ಕೆಟ್ಟ ಕೋಶಗಳು ನಾಳವನ್ನು ತುಂಬಿಕೊಂಡರೂ ಅದರ ಪೊರೆಯನ್ನು ದಾಟದೆ ಒಳಗೇ ಇರುವುವು. ನಾಲ್ಕನೆಯ ಮೆಟ್ಟಲಿನಲ್ಲಿ ಪೊರೆಯನ್ನು ಸೀಳಿ ಹೊರಗೆ ಬರುವುವು. ಅಲ್ಲಿಂದ ಕಂಕುಳಿನ ಗ್ರಂಥಿಗಳಿಗೂ, ಎಲುಬು, ಶ್ವಾಸಕೋಶ, ಯಕೃತ್ತುಗಳಿಗೂ ಹೋಗಲು ದಾರಿಯಾಗುವುದು. ಮೂರನೆಯ ಮೆಟ್ಟಲಿನಲ್ಲಿರುವುದೆಲ್ಲವೂ ನಾಲ್ಕನೆಯದಕ್ಕೆ ಏರಿಯೇ ತೀರುವುದೆಂಬ ನಿಯಮವಿಲ್ಲ. ಎಲ್ಲ ಸ್ತನಾರ್ಬುದಗಳೂ ಒಂದೇ ದಾರಿಯನ್ನು ಹಿಡಿಯುವುದೂ ಇಲ್ಲ. ಕೆಲವು ಮೆಲ್ಲಗೆ, ಹಾರ್ಮೋನಿನ ಆಶ್ರಯದಲ್ಲಿ ಬೆಳೆಯುವುವು. ಕೆಲವು ಟಿ.ಪಿ. ೫೩ನ್ನು ಮೊದಲಿಗೇ ಕಳೆದುಕೊಂಡು ವೇಗದಿಂದ ಬೆಳೆಯುವುವು. ಮತ್ತೆ ಕೆಲವು ಹರ್-೨ ಎಂಬ ಅಪ್ಪಣೆಯ ಪ್ರತಿಗಳನ್ನು ಎರಡರ ಬದಲು ಹತ್ತಾರು ಮಾಡಿಕೊಂಡು ಬೆಳೆಯುವುವು. ೧೯೮೭ರಲ್ಲಿ ಅಮೆರಿಕೆಯ ಡೆನ್ನಿಸ್ ಸ್ಲೇಮನ್ನರು ಈ ಕೊನೆಯ ಬಗೆಯ ಉಗ್ರತೆಯನ್ನು ತೋರಿಸಿಕೊಟ್ಟರು. ಅದೇ ಅರಿವಿನಿಂದ ಹರ್-೨ನ್ನು ತಡೆಯುವ ಟ್ರಾಸ್ಟುಜುಮಾಬ್ ಎಂಬ ಔಷಧವು ಸಿದ್ಧವಾಗಿ ೧೯೯೮ರಲ್ಲಿ ಅಲ್ಲಿ ಬಳಕೆಗೆ ಬಂದಿತು. ತಪ್ಪು ಯಾವ ಸಾಲಿನಲ್ಲಿದೆಯೆಂದು ತಿಳಿದರೆ ತಿದ್ದುವ ದಾರಿಯೂ ತೋರುವುದೆಂಬುದಕ್ಕೆ ಇದು ನಿದರ್ಶನ.

ಇನ್ನು ನಿಂದೆಯ ಮಾತನ್ನು ವಿಚಾರಿಸಬಹುದು. ಹದಿಹರೆಯದಲ್ಲಿ ಬಿದ್ದ ಬೀಜಕ್ಕೆ ಕಳೆದ ವರ್ಷ ಬಡಿದ ಕೊಂಬೆಯು ಹೇಗೆ ಕಾರಣವಾದೀತು? ಪೆಟ್ಟಿನಿಂದ ಈ ರೋಗವು ಹುಟ್ಟುವುದಿಲ್ಲ. ಪೆಟ್ಟಾದಾಗ ಮುಟ್ಟಿನೋಡಿಕೊಳ್ಳುವುದರಿಂದ ಮೊದಲೇ ಇದ್ದ ಗಂಟು ಕೈಗೆ ಸಿಕ್ಕುವುದು. ಹಾಲು ಕಟ್ಟುವುದರಿಂದಲೂ ಇದು ಬರುವುದಿಲ್ಲ. ಕೋಶದೊಳಗಿನ ತಪ್ಪು ಮತ್ತೊಬ್ಬರ ಕೋಶಕ್ಕೆ ಹಾರುವಂತಿಲ್ಲವಾದುದರಿಂದ ಇದು ಅಂಟುರೋಗವಲ್ಲ. ರೋಗಿಯ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆ ಇಡುವುದೂ, ಮಕ್ಕಳನ್ನು ಅವಳ ಮಡಿಲಿನಿಂದ ದೂರ ಮಾಡುವುದೂ ನಿರರ್ಥಕವಾದ ಕ್ರೌರ್ಯ.

ರೋಗದ ಸಂಭವವನ್ನು ಹೆಚ್ಚುಕಡಮೆ ಮಾಡುವ ಸಂಗತಿಗಳು ಇಲ್ಲವೆಂದಲ್ಲ. ವಯಸ್ಸು ಮುಖ್ಯವಾದುದು. ಬೇಗ ಮೈನೆರೆಯುವುದು, ಮುಟ್ಟು ತಡವಾಗಿ ನಿಲ್ಲುವುದು, ಮೊದಲ ಹೆರಿಗೆಯು ತಡವಾಗುವುದು ಅಥವಾ ಹೆರಿಗೆಯೇ ಇಲ್ಲದಿರುವುದು, ಮುಟ್ಟು ನಿಂತ ಮೇಲೆ ಮೈ ಸ್ಥೂಲವಾಗುವುದು, ಮದ್ಯಪಾನ, ಎಳೆಯ ವಯಸ್ಸಿನಲ್ಲಿ ಎದೆಗೆ ವಿಕಿರಣದ ಚಿಕಿತ್ಸೆಯಾಗಿರುವುದು, ಇವು ಸಂಭವವನ್ನು ಹೆಚ್ಚಿಸುವುವು. ಇಟಲಿಯ ವೈದ್ಯ ರಾಮಜ್ಜೀನಿಯವರು ೧೭೧೩ರಲ್ಲಿಯೇ ಕ್ರೈಸ್ತ ಸಂನ್ಯಾಸಿನಿಯರಲ್ಲಿ ಈ ರೋಗವು ಹೆಚ್ಚೆಂದು ಬರೆದರು. ೧೯೨೬ರಲ್ಲಿ ಇಂಗ್ಲೆಂಡಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ ಅವರು ರೋಗವಿದ್ದ ೫೦೦ ಮಂದಿಯನ್ನೂ ಇಲ್ಲದ ೫೦೦ ಮಂದಿಯನ್ನೂ ಹೋಲಿಸಿ ಇಂತಹ ಸಂಗತಿಗಳನ್ನು ಮೊದಲಬಾರಿಗೆ ಲೆಕ್ಕದಿಂದ ತೋರಿಸಿದರು. ೨೦೦೨ರಲ್ಲಿ ೩೦ ದೇಶಗಳ ವಿವರಗಳನ್ನು ಒಟ್ಟುಗೂಡಿಸಿದಾಗ, ಒಂದು ವರ್ಷ ಮೊಲೆಯೂಡಿದರೆ ಸಂಭವವು ನೂರಕ್ಕೆ ೪.೩ರಷ್ಟೂ, ಒಂದೊಂದು ಹೆರಿಗೆಗೆ ನೂರಕ್ಕೆ ೭ರಷ್ಟೂ ಕಡಮೆಯಾಗುವುದೆಂದು ಕಂಡುಬಂದಿತು. ಈ ಲೆಕ್ಕವು ಸಹಸ್ರಾರು ಮಂದಿಯ ಸರಾಸರಿಯೇ ಹೊರತು ಒಬ್ಬಳ ಮೇಲಿನ ತೀರ್ಪಲ್ಲ. ಐದು ಮಕ್ಕಳನ್ನು ಹೆತ್ತು ಹಾಲೂಡಿದ ತಾಯಿಗೂ ಈ ರೋಗ ಬರುವುದುಂಟು. ಮಕ್ಕಳಿಲ್ಲದವರಲ್ಲಿ ಬಹುಮಂದಿಗೆ ಬಾರದಿರುವುದೂ ಉಂಟು. ಆದುದರಿಂದ ಮಕ್ಕಳಿಲ್ಲದವಳನ್ನು ಈ ಲೆಕ್ಕದಿಂದ ನೋಯಿಸುವವನು ವಿಜ್ಞಾನವನ್ನು ತಿಳಿದವನಲ್ಲ.

ಈಗ ವಂಶದ ಪ್ರಶ್ನೆ. ಇದುವರೆಗೆ ಹೇಳಿದ ತಪ್ಪುಗಳು ಹುಟ್ಟಿದ ಮೇಲೆ ಸ್ತನದ ಕೋಶದಲ್ಲಿ ಆಗತಕ್ಕವು. ಅವು ಮಕ್ಕಳಿಗೆ ಹೋಗುವುದಿಲ್ಲ. ಸ್ತನಾರ್ಬುದಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ ತಂದೆತಾಯಿಗಳಿಂದ ಬಂದ ಪ್ರತಿಯಲ್ಲಿಯೇ ಇದ್ದ ತಪ್ಪಿನಿಂದ ಆಗುವುವು. ೧೮೬೬ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರು ತಮ್ಮ ಪತ್ನಿಯ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಈ ರೋಗದ ವೃತ್ತಾಂತವನ್ನು ಪ್ರಕಟಿಸಿದರು. ೧೯೯೦ರಲ್ಲಿ ಅಮೆರಿಕೆಯ ಮೇರಿ-ಕ್ಲೇರ್ ಕಿಂಗ್ ಅವರು ಇಂತಹ ಮನೆತನಗಳ ತಪ್ಪು ೧೭ನೆಯ ವರ್ಣತಂತುವಿನಲ್ಲಿದೆಯೆಂದು ತೋರಿಸಿದರು. ೧೯೯೪ರಲ್ಲಿ ಬಿ.ಆರ್.ಸಿ.ಎ. ೧, ೧೯೯೫ರಲ್ಲಿ ೧೩ನೆಯ ವರ್ಣತಂತುವಿನ ಬಿ.ಆರ್.ಸಿ.ಎ. ೨ ಅಕ್ಷರಶಃ ಪತ್ತೆಯಾದುವು. ಹರಿದ ಗರಿಯನ್ನು ಜೋಡಿಸುವ ಅಪ್ಪಣೆಯ ಒಂದು ಪ್ರತಿಯು ಹುಟ್ಟುವಾಗಲೇ ಕೆಟ್ಟಿದ್ದರೆ, ಎರಡನೆಯ ಪ್ರತಿಗೆ ಒಂದು ಪೆಟ್ಟು ಬಿದ್ದೊಡನೆ ತಿದ್ದುವವರೇ ಇಲ್ಲವಾಗುವರು. ಇಂತಹವರಲ್ಲಿ ೮೦ ವರ್ಷದೊಳಗೆ ರೋಗ ಬರುವ ಸಂಭವವು ನೂರಕ್ಕೆ ಸುಮಾರು ೭೦ರಷ್ಟೆಂದು ೨೦೧೭ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ತಿಳಿಸಿತು.

ಕನ್ನಡ ನಾಡಿನಲ್ಲಿಯೂ ಈ ವಿಚಾರವಾಗಿ ಕಾರ್ಯ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರೂ ಕಿದ್ವಾಯಿ ಸ್ಮಾರಕ ಗಂಥಿಸಂಸ್ಥೆಯವರೂ ಸೇರಿ, ಮನೆತನದಲ್ಲಿ ರೋಗವಿದ್ದ ದಕ್ಷಿಣ ಭಾರತದ ೬೧ ರೋಗಿಗಳನ್ನು ಪರೀಕ್ಷಿಸಿ ೨೦೦೯ರಲ್ಲಿ ಫಲವನ್ನು ಪ್ರಕಟಿಸಿದರು. ೧೭ ಮಂದಿಯಲ್ಲಿ ಈ ಎರಡು ವಂಶವಾಹಿಗಳ ದೋಷ ಕಂಡುಬಂದಿತು. ಅವರಲ್ಲಿ ೧೦ ಮಂದಿಯಲ್ಲಿ ಇದ್ದುದು ಒಂದೇ ದೋಷ, ಬಿ.ಆರ್.ಸಿ.ಎ. ೧ರ ಆರಂಭದಲ್ಲಿಯೇ ಎರಡು ಅಕ್ಷರಗಳು ಬಿಟ್ಟುಹೋಗಿರುವುದು. ಎರಡು ಅಕ್ಷರಗಳಿಗೆ ಇಷ್ಟು ಅನರ್ಥವೇ ಎನ್ನಬಹುದು. ಡಿ.ಎನ್.ಎ. ಬರಹವನ್ನು ಕೋಶವು ಮೂರು ಮೂರು ಅಕ್ಷರಗಳಾಗಿ ಓದುವುದು. 'ಮಗಳು ಊರಿಗೆ ಹೊರಟು ಬಂದಳು' ಎಂಬುದರ ಮೊದಲ ಎರಡು ಅಕ್ಷರಗಳನ್ನು ಬಿಟ್ಟು ಮೂರು ಮೂರಾಗಿ ಓದಿದರೆ 'ಳುಊರಿ ಗೆಹೊರ ಟುಬಂದ ಳು' ಎಂದಾಗುವುದು. ಅಲ್ಲಿಂದ ಮುಂದೆ ಗ್ರಂಥವೆಲ್ಲ ಅರ್ಥಹೀನ. ಇದೇ ದೋಷವು ಯೂರೋಪು ಮೂಲದ ಯೆಹೂದ್ಯರಲ್ಲಿಯೂ ಬಹಳವಾಗಿ ಕಂಡುಬಂದಿರುವುದು. ಆದುದರಿಂದ ಇದು ಒಂದು ಜಾತಿಗೆ, ಒಂದು ಮತಕ್ಕೆ, ಒಂದು ಸೀಮೆಗೆ ಅಂಟಿದ ಕಳಂಕವಲ್ಲ.

ಇಲ್ಲಿ ಮನೆಯ ಹಿರಿಯರು ಗಮನಿಸತಕ್ಕ ಅಂಶಗಳು ಎರಡು. ಈ ದೋಷವು ತಾಯಿಯಿಂದ ಮಾತ್ರವಲ್ಲ, ತಂದೆಯಿಂದಲೂ ಬರುವುದು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮವಾಗಿ, ಎರಡರಲ್ಲೊಂದು ಪಾಲು ಸಂಭವದಿಂದ ಬರುವುದು. ಆದಕಾರಣ ಸೊಸೆಯ ತವರನ್ನು ದೂರುವುದರಲ್ಲಿ ಅರ್ಥವಿಲ್ಲ. ದೋಷವು ಮಗನ ಕಡೆಯಿಂದಲೂ ಬಂದಿರಬಹುದು. ಪುರುಷರಿಗೂ ಸ್ತನಾರ್ಬುದವು ಅಪೂರ್ವವಾಗಿ ಬರುವುದುಂಟು. ನೂರರಲ್ಲಿ ಸುಮಾರು ಒಬ್ಬ ರೋಗಿಯು ಪುರುಷ. ಎರಡನೆಯದು, ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಚಿಕ್ಕಮ್ಮನಿಗೋ ಅಜ್ಜಿಗೋ ಬಂದ ರೋಗವನ್ನು ಮುಚ್ಚಿಡುವುದು. ಮುಚ್ಚಿಟ್ಟರೆ ದೋಷವು ಅಳಿಯುವುದಿಲ್ಲ. ಅದನ್ನು ತಿಳಿದು ಎಚ್ಚರವಾಗಿರಬೇಕಾದ ಮಗಳೇ ಕತ್ತಲಲ್ಲಿ ಉಳಿಯುವಳು. ಮನೆತನದಲ್ಲಿ ಇಬ್ಬರು ಮೂವರಿಗೆ, ಅಥವಾ ಐವತ್ತರೊಳಗಿನ ವಯಸ್ಸಿನವರಿಗೆ ಸ್ತನದ ಇಲ್ಲವೆ ಅಂಡಾಶಯದ ಅರ್ಬುದವಾಗಿದ್ದರೆ ವೈದ್ಯರಿಗೆ ಹೇಳಬೇಕು. ಅವಶ್ಯವೆನಿಸಿದರೆ ರಕ್ತವನ್ನು ಪರೀಕ್ಷಿಸಿ ದೋಷವಿದೆಯೇ ಇಲ್ಲವೇ ಎಂದು ತಿಳಿಯಬಹುದು. ದೋಷವಿದ್ದವರು ಎಳೆಯ ವಯಸ್ಸಿನಿಂದಲೇ ವರ್ಷವರ್ಷವೂ ಪರೀಕ್ಷೆಗೆ ಒಳಗಾಗಬಹುದು. ಇಲ್ಲವೆಂದು ತಿಳಿದವರು ಆ ಭಯವನ್ನು ಬಿಡಬಹುದು.

ಬೀಜವು ಬೀಳುವುದನ್ನು ತಡೆಯುವ ಉಪಾಯವು ಮನುಷ್ಯನ ಕೈಯಲ್ಲಿ ಬಹುಮಟ್ಟಿಗೆ ಇಲ್ಲ. ಆದರೆ ಬೀಜಕ್ಕೂ ಮರಣಕ್ಕೂ ನಡುವೆ ಹತ್ತಾರು ವರ್ಷಗಳ ಅವಧಿಯಿರುವುದು ಈ ಶಾಸ್ತ್ರದಿಂದ ಸ್ಪಷ್ಟವಾಗಿದೆ. ಈ ಅವಧಿಯೇ ರೋಗಿಯ ಭಾಗ್ಯ. ತಿತಿಮತಿಯ ಸುತ್ತಲಿನ ಕಾಫಿ ಬೆಳೆಗಾರರಿಗೂ ತೋಟದ ಕೆಲಸಗಾರರಿಗೂ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ತೋಟದವರು ಬೋರರ್ ಎಂದು ಕರೆಯುವ ಬಿಳಿ ಕಾಂಡಕೊರಕ ಹುಳುವು ಅರೇಬಿಕಾ ಗಿಡದ ಕಾಂಡದೊಳಗೆ ತಿಂಗಳುಗಟ್ಟಲೆ ಇರುವುದು. ಎಲೆ ಹಳದಿಯಾಗಿ ಗಿಡ ಬಾಡುವವರೆಗೆ ಜಾಣನಾದ ಬೆಳೆಗಾರನು ಕಾಯುವುದಿಲ್ಲ. ಗಿಡ ಹಸುರಾಗಿರುವಾಗಲೇ ಒಂದೊಂದು ಕಾಂಡವನ್ನೂ ನೋಡಿ, ತೊಗಟೆಯ ಮೇಲೆ ಎದ್ದ ಏರುಗೆರೆಯನ್ನು ಗುರುತಿಸುವನು. ಹುಳುವು ಹೊರಗಿನಿಂದ ಬರುವುದು, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವುದು; ಅರ್ಬುದವು ಹಾಗಲ್ಲ. ಆದರೆ ಬಾಡುವ ಮುಂಚೆ ನೋಡಬೇಕೆಂಬ ನೀತಿಯು ಎರಡಕ್ಕೂ ಒಂದೇ. ಸಾವಿರ ಗಿಡಗಳನ್ನು ಹೀಗೆ ಮುಟ್ಟಿ ನೋಡುವ ತಾಯಂದಿರು ತಮ್ಮ ಮೈಯನ್ನು ನೋಡಿಕೊಳ್ಳದಿರುವುದು ಎಂತಹ ವಿಪರ್ಯಾಸ!

ನೋಡಬೇಕಾದುದು ಇಷ್ಟು: ನೋವಿಲ್ಲದ ಗಟ್ಟಿಯಾದ ಗಂಟು, ಚರ್ಮವು ಒಂದೆಡೆ ಒಳಕ್ಕೆ ಸೆಳೆದಂತಾಗುವುದು ಅಥವಾ ಕಿತ್ತಳೆಯ ಸಿಪ್ಪೆಯಂತಾಗುವುದು, ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತ ಒಸರುವುದು, ಅಲ್ಲಿ ಮಾಯದ ಹುಣ್ಣಾಗುವುದು, ಕಂಕುಳಿನಲ್ಲಿ ಗಂಟು. ನೋವಿಲ್ಲವೆಂಬ ಕಾರಣದಿಂದಲೇ ಅನೇಕರು ಅಲಕ್ಷ್ಯ ಮಾಡುವರು. ನೋವಿಲ್ಲದಿರುವುದು ಸುರಕ್ಷಿತತೆಯ ಲಕ್ಷಣವಲ್ಲ. ಹಾಗೆಂದು ಗಂಟು ಕಂಡೊಡನೆ ಧೈರ್ಯಗೆಡಲೂ ಬಾರದು. ಗಂಟುಗಳಲ್ಲಿ ಬಹುಪಾಲು ಅರ್ಬುದವಲ್ಲ. ಯಾವುದೆಂದು ಹೇಳತಕ್ಕವರು ವೈದ್ಯರು. ಸೂಜಿ ಚುಚ್ಚಿ ತುಣುಕನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ರೋಗವು ಹರಡುವುದೆಂಬ ಭೀತಿಗೆ ಆಧಾರವಿಲ್ಲ. ಆ ಪರೀಕ್ಷೆಯನ್ನು ಮುಂದೂಡುವುದೇ ಅಪಾಯ.

೩೦ ವರ್ಷ ತುಂಬಿದ ಸ್ತ್ರೀಯರನ್ನು ಐದು ವರ್ಷಕ್ಕೊಮ್ಮೆ ತರಬೇತಿ ಪಡೆದವರು ಕೈಯಿಂದ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರವು ೨೦೧೬ರಲ್ಲಿ ಕ್ರಮವನ್ನು ಗೊತ್ತುಮಾಡಿತು. ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ಮುಂದಿನ ಪರೀಕ್ಷೆಗೆ ವಿರಾಜಪೇಟೆಯ ಆಸ್ಪತ್ರೆಯೂ, ಮಡಿಕೇರಿಯಲ್ಲಿ ೨೦೧೬ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ, ಮೈಸೂರಿನ ದೊಡ್ಡ ಆಸ್ಪತ್ರೆಗಳೂ ಇರುವುವು. ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂತೂ ಬಡವರಿಗೆ ದೊಡ್ಡ ಆಶ್ರಯ. ಮೊದಲ ಹಂತದಲ್ಲಿ ಸಿಕ್ಕಿದ ರೋಗವು ಬಹುಮಂದಿಯಲ್ಲಿ ಗುಣವಾಗುವುದು. ಎಷ್ಟೋ ಸಲ ಇಡೀ ಸ್ತನವನ್ನು ತೆಗೆಯಬೇಕಾದುದೂ ಇಲ್ಲ.

ಕೊನೆಯದಾಗಿ ನಾಚಿಕೆಯ ವಿಷಯ. ಜನನ, ಮರಣ, ರಜಸ್ಸು ಮೊದಲಾದ ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲವೆಂಬುದು ಇಲ್ಲಿ ನೆರೆದವರೆಲ್ಲರಿಗೂ ತಿಳಿದ ಸಂಗತಿ. ಸ್ತ್ರೀಯ ಮೈಯು ಮೈಲಿಗೆಯಲ್ಲವೆಂದು ಎಂಟು ನೂರು ವರ್ಷಗಳ ಹಿಂದೆಯೇ ಸಾರಿದ ಪರಂಪರೆಯವರ ಮನೆಗಳಲ್ಲಿ, ಮೈಯಲ್ಲಿ ಕಂಡ ಗಂಟನ್ನು ಗಂಡನಿಗೂ ಮಗನಿಗೂ ಹೇಳಲಾರದೆ ಸೆರಗಿನಲ್ಲಿ ಮುಚ್ಚಿಕೊಂಡು ವರ್ಷಗಟ್ಟಲೆ ಕೊರಗುವ ತಾಯಿಯಿದ್ದರೆ, ಆ ಸೂತಕವು ಬೇರೊಂದು ಹೆಸರಿನಿಂದ ಮನೆಯೊಳಗೆ ಉಳಿದಿದೆಯೆಂದೇ ಅರ್ಥ. ಅದನ್ನು ಹೊರಗಟ್ಟುವ ಹೊಣೆಯು ಸ್ತ್ರೀಯರದಷ್ಟೇ ಅಲ್ಲ. ಹೆಂಡತಿಯು ಹೇಳಿದ ದಿನವೇ ಒಂದು ದಿನದ ಕೂಲಿಯನ್ನೋ ತೋಟದ ಕೆಲಸವನ್ನೋ ಬಿಟ್ಟು ಅವಳೊಡನೆ ಆಸ್ಪತ್ರೆಗೆ ಹೋಗುವ ಗಂಡನು, ಕೊಯ್ಲು ಮುಗಿಯಲೆಂದು ಕಾಯಿಸದೆ ಆಳಿನ ಹೆಂಗಸನ್ನು ಕಳುಹಿಸಿಕೊಡುವ ಯಜಮಾನನು, ಸೊಸೆಯನ್ನು ತಾನೇ ಕೇಳಿ ಕರೆದೊಯ್ಯುವ ಅತ್ತೆಯು, ಹಾಡಿಯ ಹೆಣ್ಣುಮಕ್ಕಳಿಗೂ ಈ ಮಾತನ್ನು ಮುಟ್ಟಿಸುವ ತರುಣಿಯು, ಇವರೆಲ್ಲರೂ ಒಂದೊಂದು ಪ್ರಾಣವನ್ನು ಉಳಿಸಬಲ್ಲವರು.

ಲಿಪಿಕಾರನ ಕೈತಪ್ಪಿಗೆ ಗ್ರಂಥವನ್ನು ಯಾರೂ ಶಪಿಸುವುದಿಲ್ಲ. ತಪ್ಪನ್ನು ಹುಡುಕಿ, ತಿಳಿದವರ ಕೈಗೆ ಕೊಟ್ಟು, ತಿದ್ದಿಸಿಕೊಳ್ಳುವರು. ತಾಯಿಯ ಮೈಯ ವಿಷಯದಲ್ಲಿಯೂ ಜನರು ಇಷ್ಟು ವಿವೇಕವನ್ನು ತೋರಿದರೆ ಸಾಕು. ಎಲ್ಲರಿಗೂ ಆರೋಗ್ಯಭಾಗ್ಯವು ಲಭಿಸಲಿ.